ಮುಂದಿನ ಹಲಗೆ

"ಎರಡೂ ಇಪ್ಪತ್ತೇಳು ಗೇಣೇ," ಎಂದ ಗೇಣಪ್ಪ, ಮೂತಿಯಿಂದ ಬಾಲದವರೆಗೆ ಅಂಗೈ ಬಿಚ್ಚಿ ಬಿಚ್ಚಿ ಅಳೆದು ಮುಗಿಸಿ. ಕಂಡದ್ದಕ್ಕೆಲ್ಲ ಗೇಣು ಹಾಕುವ ಅವನಿಗೆ ಆ ಹೆಸರು ಅಂಟಿ ಬಹಳ ಕಾಲವಾಗಿತ್ತು. ಮೊದಲ ಸಲ ಮಾವನ ಮನೆಗೆ ಹೋದಾಗ ಊಟಕ್ಕೆ ಕೂರುವ ಮುಂಚೆ ಬಾಗಿಲಿಗೆ ಗೇಣು ಹಾಕಿದ್ದನಂತೆ.

ದೋಣಿ ಕಟ್ಟುವ ಶೆಡ್ಡಿನ ಮುಂದೆ, ನೀರಿನ ಅಂಚಿನ ಮರಳಿನ ಮೇಲೆ, ಎರಡು ಹೊಸ ಫೈಬರ್ ದೋಣಿಗಳು ಅವಳಿ ಮಕ್ಕಳ ಹಾಗೆ ಮಲಗಿದ್ದವು. ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಬೆಲೆ ಒಂದೇ, ಹಿಂದೆ ಕೂರಿಸುವ ಎಂಜಿನ್ನೂ ಒಂದೇ. ನೀಲಿಯದರ ಮೂತಿ ನಾಲ್ಕು ಬೆರಳು ಎತ್ತರ, ಅಲ್ಲಿ ಅಡಿಭಾಗ ಕೊಂಚ ಚೂಪು. ಕೆಂಪಿನದು ಸ್ವಲ್ಪ ಹಗುರ. ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ತೋಳು ಕೆರೆಯುತ್ತ ನಿಂತಿದ್ದ ದೋಣಿ ಕಟ್ಟುವವನು, ಯಾವುದು ಅಂತ ಮಧ್ಯಾಹ್ನದೊಳಗೆ ಹೇಳಿಬಿಡಿ, ಉಳಿದದ್ದಕ್ಕೆ ಆಚೆ ದಡದವರು ಕಾದಿದ್ದಾರೆ ಎಂದ. ಹಿಂದೆ ಕೂರುವ ಹಲಗೆಯನ್ನು ಅವನು ಎರಡರಲ್ಲೂ ಸದ್ಯಕ್ಕೆ ಹಗ್ಗದಲ್ಲಿ ಬಿಗಿದಿದ್ದ. ಎಂಜಿನ್ ಹಿಡಿಯುವವನ ತೋಳಿನ ಅಳತೆಗೇ ಅದನ್ನು ಗಟ್ಟಿ ಕೂರಿಸಿಕೊಡುವುದು ಅವನ ಪದ್ಧತಿ. ಗೇಣಪ್ಪ ಬಂದ ಗಳಿಗೆಯಲ್ಲೇ ಆ ಅಳತೆಯನ್ನೂ ಕೊಟ್ಟಾಗಿತ್ತು: ಎಂಜಿನ್ನಿನ ಹಿಡಿಯಿಂದ ಹಲಗೆಗೆ ಮೂರು ಗೇಣು.

ಗೇಣಪ್ಪನ ಹೆಂಡತಿ ಮಾತ್ರ ಯಾವ ಅಳತೆಯನ್ನೂ ಹಾಕಲಿಲ್ಲ. ಹಳೆಯ ಮರದ ದೋಣಿಯಲ್ಲಿ ಬಲೆ ಎಳೆದದ್ದಕ್ಕಿಂತ ನೀರು ಮೊಗೆದದ್ದೇ ಹೆಚ್ಚು ಎನ್ನುವವಳು ಅವಳು. ಈಗ ನುಣ್ಣಗಿನ ಫೈಬರಿನ ಮೇಲೆ ಕೈಯಾಡಿಸುತ್ತ, ಎರಡು ದೋಣಿಗಳ ನಡುವೆ ಹೊಸ ಬಟ್ಟೆ ಸಿಕ್ಕ ಹುಡುಗಿಯ ಹಾಗೆ ಓಡಾಡುತ್ತಿದ್ದಳು.

ಎರಡನ್ನೂ ನೀರಿಗಿಳಿಸಿ, ಒಂದೊಂದರಲ್ಲಿ ಒಂದೊಂದು ಸುತ್ತು ಹೋಗಿ ಬಂದರು. ಹದಿನೆಂಟು ವರ್ಷದಿಂದ ಇದ್ದ ಹಾಗೇ ಅವನು ಹಿಂದೆ, ಎಂಜಿನ್ ಹಿಡಿದು. ಅವಳು ಮುಂದಿನ ಹಲಗೆಯಲ್ಲಿ, ಬಲೆಯ ಜಾಗದಲ್ಲಿ, ಮುಖ ಗಂಡನ ಕಡೆಗೆ, ಬೆನ್ನು ಅಲೆಗೆ. ದಡಕ್ಕೆ ಹಾರಿದವನೇ ಗೇಣಪ್ಪ ಕೆಂಪಿನದೇ ಸರಿ ಎಂದ. ಹಗುರ, ಬಾಣದ ಹಾಗೆ ಹೋಗುತ್ತದೆ, ಪೆಟ್ರೋಲೂ ಉಳಿಯುತ್ತದೆ. ಮಿಕ್ಕಂತೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಅವಳು ನೀಲಿಯದು ಎಂದಳು. ಯಾಕೆ ಎಂದು ಕೇಳಿದ.

"ಕೆಂಪಿನದು ಹೊಡೆಯುತ್ತೆ ರೀ."

"ಎಷ್ಟು ಗೇಣು ಹೊಡೆಯುತ್ತೆ?"

ದೋಣಿ ಕಟ್ಟುವವನು ಕಿಸಕ್ಕೆಂದ. ಅವಳು ನಗಲಿಲ್ಲ. ಅವಳ ಸೊಂಟ ಹಿಡಿದುಕೊಂಡ ರಾತ್ರಿಗಳಲ್ಲೆಲ್ಲ ಎಣ್ಣೆ ಹಚ್ಚಿಕೋ ಎಂದು ಮಗ್ಗುಲಾಗಿದ್ದ ಗಂಡ ಇವನು. ಇನ್ನು ಹತ್ತು ವರ್ಷ ಈ ಎರಡರಲ್ಲಿ ಒಂದರ ಮುಂದಿನ ಹಲಗೆಯೇ ಅವಳ ಪಾಲಿಗೆ. ತಪ್ಪು ದೋಣಿ ಮನೆಗೆ ಬಂದರೆ ಎರಡನೆಯ ವರ್ಷಕ್ಕೇ ತಾನು ದಡದಲ್ಲಿ ಕೂರಬೇಕಾದೀತು ಎಂದು ಅವಳಿಗೆ ಗೊತ್ತಿತ್ತು. ದಡದಲ್ಲಿ ಕೂರುವುದೆಂದರೆ ಅವಳಿಗೆ ಮೈ ಉರಿಯುತ್ತಿತ್ತು.

"ಇನ್ನೊಂದು ಸುತ್ತು ಹೋಗೋಣ," ಎಂದಳು. "ಎಂಜಿನ್ ನನ್ನ ಕೈಗೆ ಕೊಡಿ. ನೀವು ಮುಂದೆ ಕೂತ್ಕೊಳ್ಳಿ."

"ನಿನಗೆಲ್ಲಿ ಬರುತ್ತೆ?"

"ಹದಿನೆಂಟು ವರ್ಷ ಎದುರಿಗೆ ಕೂತು ನೋಡಿದ್ದು ಇನ್ನೇನನ್ನ?"

ಗೇಣಪ್ಪ ನಗುತ್ತಲೇ ಕೆಂಪು ದೋಣಿಯ ಮುಂದಿನ ಹಲಗೆಗೆ ಹೋಗಿ ಕೂತ. ಅವಳು ಹಗ್ಗ ಎಳೆದಳು. ಎರಡನೆಯ ಎಳೆತಕ್ಕೇ ಎಂಜಿನ್ ಗುರುಗುಟ್ಟಿತು. ಸೆರಗು ಬಿಗಿದು, ಹಿಡಿ ತಿರುವಿದಳು. ದೋಣಿ ಮೂತಿ ಎತ್ತಿತು. ಕೈಯ ಒಂದು ಸಣ್ಣ ತಿರುವಿಗೆ ಇಪ್ಪತ್ತೇಳು ಗೇಣು ಒಟ್ಟಿಗೆ ಹೊರಳುವುದು ಕಂಡು ಅವಳ ಎದೆ ಹಿಗ್ಗಿತು. ಇಂಥದ್ದನ್ನು ಇಷ್ಟು ದಿನ ಒಬ್ಬರೇ ಇಟ್ಟುಕೊಂಡಿದ್ದರಲ್ಲ ಎನ್ನಿಸಿತು. ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಿ ದಾಟಿ, ಅಲೆ ಶುರುವಾಗುವಲ್ಲಿ ಮತ್ತಷ್ಟು ತಿರುವಿದಳು.

ಮೊದಲ ಅಲೆಗೆ ಗೇಣಪ್ಪ ಹಲಗೆಯಿಂದ ಒಂದು ಚೋಟು ಮೇಲೆದ್ದು ಕುಕ್ಕರಿಸಿದ. ಎರಡನೆಯದಕ್ಕೆ ಹಲ್ಲಿಗೆ ಹಲ್ಲು ತಾಕಿತು. ಮೂರನೆಯದು ಬೆನ್ನ ಮೇಲೆ ಕೊಡ ಸುರಿದ ಹಾಗೆ ಬಂತು. ನಿಧಾನ ಎಂದು ಏನೋ ಕೂಗಿದ. ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ, ಹದಿನೆಂಟು ವರ್ಷ ಅವನಿಗೆ ಕೇಳದಿದ್ದ ಹಾಗೇ.

ದಡಕ್ಕೆ ಬಂದು, ಅವನನ್ನು ಮಾತಾಡಗೊಡದೆ, ನೀಲಿಯದರ ಮುಂದಿನ ಹಲಗೆಗೆ ಹತ್ತಿಸಿದಳು. ಅದೇ ನೀರು, ಅದೇ ವೇಗ. ಆ ನಾಲ್ಕು ಬೆರಳು ಎತ್ತರದ ಮೂತಿ ಅಲೆಯನ್ನು ಸೀಳಿ ಎರಡು ಪಕ್ಕಕ್ಕೆ ಮಲಗಿಸುತ್ತ ಹೋಯಿತು. ಗೇಣಪ್ಪ ಅಂಚು ಹಿಡಿದುಕೊಂಡಿದ್ದ ಕೈಯನ್ನು ಮೆಲ್ಲಗೆ ಬಿಟ್ಟ.

ಇಳಿದಾಗ ಅವನ ಅಂಗಿಯಿಂದ ಕೆಂಪು ದೋಣಿಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಸೊಂಟಕ್ಕೆ ಕೈ ಕೊಟ್ಟುಕೊಂಡು, ಇವೆರಡಕ್ಕೂ ಅಜಗಜಾಂತರ ಇದೆಯಲ್ಲ ಮಾರಾಯ, ಎರಡೂ ಒಂದೇ ಅಂದೋರು ಯಾರು ಎಂದು ದೋಣಿ ಕಟ್ಟುವವನನ್ನೇ ದಬಾಯಿಸಿದ.

"ಹಿಂದೆ ಕೂತೋರು," ಎಂದಳು ಅವಳು.

ದೋಣಿ ಕಟ್ಟುವವನು ಬಿಳಿ ಪುಡಿಯ ಕೈಯಿಂದ ಬಾಯಿ ಮುಚ್ಚಿಕೊಂಡು ನೀಲಿ ದೋಣಿಯ ಹಿಂಬದಿಗೆ ನಡೆದ. ಬಿಗಿದಿದ್ದ ಹಗ್ಗ ಬಿಚ್ಚಿ, ಹಲಗೆ ಕೈಯಲ್ಲಿ ಹಿಡಿದು, ಇದನ್ನು ಆಗ ಹೇಳಿದ ಹಾಗೆ ಮೂರು ಗೇಣಿಗೇ ಕೂರಿಸಲೇ ಅಣ್ಣ ಎಂದು ಕೇಳಿದ.

ಗೇಣಪ್ಪ ಅಭ್ಯಾಸಬಲದಿಂದ ಬಗ್ಗಿ ಅಂಗೈ ಬಿಚ್ಚಿದ. ಹಾಗೇ ಮಡಿಸಿಕೊಂಡ. ಆಮೇಲೆ ಹೆಂಡತಿಯ ಕೈ ಹಿಡಿದು ಹತ್ತಿರಕ್ಕೆಳೆದು, ಬಲೆಯ ಹಗ್ಗ ಎಳೆದೆಳೆದು ಅರ್ಧ ಮಡಿಚಿಯೇ ಉಳಿದಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಂಜಿನ್ ಹಿಡಿಯಿಂದ ಹಲಗೆಯ ಕಡೆಗೆ ಅವಳ ಗೇಣಿಟ್ಟು ಎಣಿಸತೊಡಗಿದ.

"ಒಂದು."