ಕೆಂಪು ಕೂಗು

"ಅಯ್ಯೋ, ಅದರ ಹೊಟ್ಟೇನೇ ಬಗೆದುಬಿಟ್ಯಾ?" ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಬೇಕರಿಯ ಟೈಮರ್ ಊಟದ ಮೇಜಿನ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಅದನ್ನು ಬಿಚ್ಚಿ ಕೂತ ಹುಡುಗಿಗೆ ರಿಮೋಟು, ಟಾರ್ಚು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ. ಬಾಯಿಗಿಂತ ಕೈ ಮುಂದು. ದೊಡ್ಡಮ್ಮನಿಗೆ ತನ್ನ ತುಟಿ ಕಾಣುವಂತೆ ಮುಖವೆತ್ತಿ, "ಹೊಲಿದುಕೊಡ್ತೀನಿ, ಸುಮ್ನಿರು" ಎಂದಳು.

ಇಪ್ಪತ್ತು ವರ್ಷ ಓವನ್ ನೋಡಿಕೊಂಡ ದೊಡ್ಡಮ್ಮನಿಗೆ ಈಚೆಗೆ ಟೈಮರಿನ ಕೀಚಲು ದನಿ ಕೇಳಿಸುತ್ತಿರಲಿಲ್ಲ. ಈ ವಾರ ಎರಡು ತಟ್ಟೆ ಬಿಸ್ಕತ್ತು ಇದ್ದಿಲಾಗಿದ್ದವು. ಇನ್ನೊಂದು ಸೀದರೆ ಓವನ್ ಬಿಟ್ಟು ಪ್ಯಾಕಿಂಗಿಗೆ ಹೋಗಬೇಕೆಂದು ಯಜಮಾನ ಹೇಳಿಬಿಟ್ಟಿದ್ದ.

ಹುಡುಗಿ ಉಗುರಿನಷ್ಟು ಸರ್ಕ್ಯೂಟ್ ಹಲಗೆಯ ಮೇಲೆ ಒಂದು ಟ್ರಾನ್ಸಿಸ್ಟರ್, ಆರು ಕೆಂಪು ಎಲ್‌ಇಡಿ ಕೂರಿಸಿ ಬೆಸುಗೆ ಹಾಕಿದಳು. ಮುಚ್ಚಳ ಮಾತ್ರ ಕೂರಲೊಲ್ಲದು. ಸದ್ದು ಮಾಡುವ ಬಜರ್ ಅಡ್ಡ ಬರುತ್ತಿತ್ತು. ದೊಡ್ಡಮ್ಮನಿಗೆ ಇದರಿಂದ ಆಗಬೇಕಾದ್ದೇನು ಎಂದುಕೊಂಡು ಅದನ್ನು ಕಿತ್ತು ಡಬ್ಬಿಗೆ ಹಾಕಿದಳು.

ಬೆಳಿಗ್ಗೆ ಅವಳೂ ಬೇಕರಿಗೆ ಹೋಗಿ, ಹಿಟ್ಟಿನ ಮೂಟೆಗಳ ನಡುವೆ ತಾನೂ ಒಂದು ಮೂಟೆಯಂತೆ ನಿಂತಳು. ಹನ್ನೆರಡನೇ ನಿಮಿಷಕ್ಕೆ ಓವನ್ ಪಕ್ಕದ ಬಿಳಿ ಗೋಡೆಯೆಲ್ಲ ಕೆಂಪಗೆ ಮಿನುಗಿತು. ದೊಡ್ಡಮ್ಮ ತಟ್ಟೆ ಎಳೆದಳು. ಹೊಂಬಣ್ಣದ ಬಿಸ್ಕತ್ತುಗಳು!

"ನೋಡೇ, ಒಂದೂ ಕರಕಲಾಗಿಲ್ಲ!" ಅವಳು ಕುಣಿಯುವುದೊಂದು ಬಾಕಿ.

ಯಜಮಾನ ಅವಳೆದುರು ಬಂದು, "ಒಂದಕ್ಕೇ ಹಿಗ್ಗಬೇಡಿ. ಹೋಗಿ ಕ್ರೀಮ್ ಕಲಸಿ. ಮುಂದಿನದು ನಾನು ನೋಡ್ಕೋತೀನಿ" ಎಂದ. ಇನ್ನೊಂದು ತಟ್ಟೆಯನ್ನು ಓವನ್ನಿಗೆ ತಳ್ಳಿ, ಕೈಗವಸುಗಳನ್ನು ಹೆಗಲಿಗೇರಿಸಿ, ಅದೇ ಟೈಮರನ್ನು ಹನ್ನೆರಡಕ್ಕಿಟ್ಟು, ಬೀದಿಯ ಕಿಟಕಿಯತ್ತ ತಿರುಗಿ ಹಿಟ್ಟು ನಾದತೊಡಗಿದ.

ಹುಡುಗಿಗೆ ಆಗ ನೆನಪಾಯಿತು. ಬಜರ್ ಮನೆಯ ಡಬ್ಬಿಯಲ್ಲಿತ್ತು! ಹೇಳಲು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಮತ್ತೆ ಮೂಟೆಗಳ ಹಿಂದಕ್ಕೆ ಸರಿದಳು. ಗೋಡೆ ಕೆಂಪಾಯಿತು. ಯಜಮಾನ ಅದೇನನ್ನೋ ಗುನುಗುತ್ತ ನಾದುತ್ತಲೇ ಇದ್ದ. ಅಷ್ಟರಲ್ಲಿ ದೊಡ್ಡಮ್ಮ ಕ್ರೀಮ್ ಪಾತ್ರೆ ಬಿಟ್ಟು ಓಡಿಬಂದು, ಮಸಿಬಟ್ಟೆಯಲ್ಲೇ ತಟ್ಟೆ ಹಿಡಿದೆಳೆದು ಮೇಜಿನ ಮೇಲೆ ಧಡ್ಡನೆ ಇಟ್ಟಳು. ಅಂಚು ತುಸು ಕಂದಿತ್ತು, ಅಷ್ಟೇ.

ಯಜಮಾನ ಬೆಚ್ಚಿ ತಿರುಗಿದ. ಟೈಮರನ್ನೆತ್ತಿ ಕಿವಿಗೆ ಹಿಡಿದ, ಅಲ್ಲಾಡಿಸಿದ, ಮತ್ತೆ ಹಿಡಿದ. ಕೆಂಪು ಬೆಳಕು ಅವನ ಕೆನ್ನೆಯ ಮೇಲೆ ಕುಣಿಯುತ್ತಿತ್ತು.

"ಇದು ಕೂಗಲೇ ಇಲ್ವಲ್ರೀ!"

ಮೂಟೆಗಳ ನಡುವೆ ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡಮ್ಮ ಅವನ ಹೆಗಲಿನಿಂದ ಗವಸುಗಳನ್ನು ಎಳೆದುಕೊಂಡು, ಒಂದೊಂದಾಗಿ ತನ್ನ ಕೈಗೇರಿಸಿದಳು.

"ಆಗಿನಿಂದ ಬಾಯಿ ಬಡ್ಕೋತಿದೆಯಲ್ಲ ಯಜಮಾನ್ರೇ," ಎಂದಳು ಮರುಕದಿಂದ, "ನಿಮಗೂ ಶುರುವಾಯ್ತಾ?"