ಪರದೆಯ ಹಿಂದಿನ ಡಾಕ್ಟರು

ಮಾತು ಬಲ್ಲವನಿಗೆ ರೋಗವಿಲ್ಲ, ಊಟ ಬಲ್ಲವನಿಗೆ ಜಗಳವಿಲ್ಲ. ಗಾದೆ ತಿರುಗಾಮುರುಗಾ ಆಯಿತು ಅಂತೀರಾ? ಕತೆ ಮಾತ್ರ ನೆಟ್ಟಗಿದೆ, ನಡೆದದ್ದೇ.

"ಕಾಯ್, ಏನಪಾ ಅವ್ವಣ್ಣಾ, ರಕ್ತದಾಗ ಯೂರಿಕ್ ಆ್ಯಸಿಡ್ ಭಾಳ ಏರೇದ. ಅಟ್ಯಾಕ್ ಆದವರಿಗೆ ಇದು ಛಲೋ ಅಲ್ಲ!" ಪುಣೆಯ ಆಸ್ಪತ್ರೆಯ ಹಾಸಿಗೆಯ ಪರದೆಯ ಹಿಂದಿನಿಂದ ಮರಾಠಿ ಬೆರೆತ ಡಾಕ್ಟರ ದನಿ ಗುಡುಗಿತು. ಹೃದಯಾಘಾತವಾಗಿ ಮಲಗಿದ್ದ, ಗೋಡೆ ಕಟ್ಟುವ ಗೌಂಡಿ ಅವ್ವಣ್ಣ ಬಿಳಿಚಿಕೊಂಡ. ರೊಟ್ಟಿ ಡಬ್ಬಿ ತೆರೆಯುತ್ತಿದ್ದ ಹೆಂಡತಿ ಶರಣಮ್ಮನ ಕೈ ಮುಚ್ಚಳದ ಮೇಲೇ ನಿಂತಿತು.

ಪರದೆ ಸರಿಸಿ ಹೊರಬಂದವನು ಡಾಕ್ಟರಲ್ಲ, ವಾಕಡ ಬಡಾವಣೆಯ ಕಟ್ಟಡದಲ್ಲಿ ಜೊತೆಗೆ ದುಡಿಯುವ ದೇವಾನಂದ. "ಹೆದರಿದ್ಯಲ್ಲ ಮಾವಾ! ಅದು ನನ್ನ ಬ್ಯಾನಿ. ಹೆಬ್ಬೆರಳು ಬಾತಾಗ ಡಾಕ್ಟರ್ ಇದ ಹೆಸರ ಹೇಳಿದ್ರು. ಎದಿಗೂ ಕಾಲಬೆರಳಿಗೂ ಏನ್ ಸಂಬಂಧ?"

"ಭಾಡ್ಯಾ, ನಿನ್ನ ಬಾಯಾಗ ಮಣ್ಣ ಹಾಕ!" ಶರಣಮ್ಮ ಮುಚ್ಚಳ ಎತ್ತಿ ಅವನತ್ತ ಬೀಸಿದಳು. ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ನಕ್ಕಳು.

ಬೆಳಿಗ್ಗೆ ಅವಳು ಚಹಾ ತರಲು ಹೋದಾಗ ನಿಜವಾದ ಡಾಕ್ಟರು ಬಂದು ಯೂರಿಕ್ ಆ್ಯಸಿಡ್ಡಿನ ಇದೇ ಮಾತನ್ನು ಮೆಲ್ಲಗೆ ಹೇಳಿದ್ದರು, ಮನೆಯವರೊಂದಿಗೆ ಮಾತಾಡಬೇಕು ಎಂದಿದ್ದರು. ಅವ್ವಣ್ಣ ಅವಳಿಗೆ ತಿಳಿಸಿರಲಿಲ್ಲ. ಈಗ ಅವಳ ನಗು ನಿಲ್ಲದಿರಲೆಂದು, ಎದೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕ.