ಉತ್ತರಿ ಹಿಡಿದು

ಹನುಮಪ್ಪ ಕಾಲು ಜಾರಿ ಬಿದ್ದದ್ದು ಗುಡ್ಡದ ನೆತ್ತಿಯಿಂದ ಇಳಿಯುವ ಮೊದಲ ತಿರುವಿನಲ್ಲೇ. ಯಂಕಣ್ಣ ಓಡಿ ಹೋಗಿ ನೋಡಿದರೆ ಮುದುಕನ ಬಲಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಅವನು ಕಂಬಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಕುರಿಗಳು ನಿಂತಲ್ಲೇ ನಿಂತವು. ಎರಡು ನಾಯಿಗಳು, ಬಿಳಿಯದೊಂದು, ಕಂದು ಬಣ್ಣದ್ದೊಂದು, ಬಂದು ಅವನ ಮೈ ಮೂಸಿದವು.

ಯಂಕಣ್ಣ ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ರವಿವಾರ ರೈಲು ಹತ್ತಿ ಮುಗದಕ್ಕೆ ಬಂದು ಗುಡ್ಡ ಸುತ್ತುವುದು ಅವನ ಹವ್ಯಾಸ. ಕುರಿ ಕಾಯುವ ಹನುಮಪ್ಪ ಇವತ್ತು ಬೆಳಿಗ್ಗೆ ಸಿಕ್ಕವನು. ಎರಡು ತಾಸು ಜೊತೆಗೆ ನಡೆದಿದ್ದರೂ ಆಡಿದ ಮಾತು ಹತ್ತೂ ಇರಲಿಕ್ಕಿಲ್ಲ. ನಾಯಿಗಳನ್ನೂ ಮುದುಕ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಂದು ಸಿಳ್ಳು ಹಾಕಿದರೆ ಬಿಳಿಯದು ಬರುತ್ತಿತ್ತು, ಎರಡು ಹಾಕಿದರೆ ಕಂದು. ಅಷ್ಟರಲ್ಲಿ ಮೂರು ಸಲ ಬಿಸಿಲು ಬಿದ್ದು, ನಾಲ್ಕು ಸಲ ಜಿಟಿಜಿಟಿ ಮಳೆ ಬಂದು ಹೋಗಿತ್ತು. ಈಗ ಕೆಳಗಿನಿಂದ ಮಂಜು ಏರಿ ಬರುತ್ತಿತ್ತು.

"ಹಟ್ಟ್ಯಾಗ ನಮ್ಮ ಮುತ್ತವ್ವ ಅದಾಳ," ಎಂದ ಹನುಮಪ್ಪ, ಕಂಬಳಿ ಬಾಯಿಂದ ತೆಗೆದು. "ಆಕೀಗೆ ಹೇಳಿ ಮಂದೀನ್ನ ಕರಕೊಂಡ ಬರ್ರಿ. ಲಗೂ."

"ದಾರಿ ಹೆಂಗ?"

"ಉತ್ತರಿ ಹಿಡದು ಹೋಗ್ರಿ. ಏನಾದ್ರೂ ಬಿಡಬ್ಯಾಡ್ರಿ ಮಾಸ್ತರ್ರ. ಸೀದಾ ಹಟ್ಟಿ ಸಿಗತೈತಿ."

ಯಂಕಣ್ಣ ಕಿಸೆಯಿಂದ ದಿಕ್ಸೂಚಿ ತೆಗೆದ. ಮುದುಕ ನೋವಿನಲ್ಲೂ ಮುಖ ಗಂಟಿಕ್ಕಿದ: "ಇಂಥಾ ಹೊತ್ತಿನ್ಯಾಗ ಗಡಿಯಾರ ಏನ್ ನೋಡ್ತೀರಿ? ನಡೀರಿ!" ಎರಡು ಸಿಳ್ಳು ಹಾಕಿದ. ಕಂದು ನಾಯಿ ಎದ್ದಿತು. ಪಾಪ, ದಾರಿಗೆ ಜೊತೆ ಇರಲೆಂದು ಕಳಿಸುತ್ತಿದ್ದಾನೆ ಅಂದುಕೊಂಡ ಯಂಕಣ್ಣ. ಹಳ್ಳಿಯವರ ಬಾಯಲ್ಲಿ ಉತ್ತರವೂ ಉತ್ತರಿಯಾಗುತ್ತದೆ ಎಂದು ಒಳಗೇ ನಕ್ಕ ಕೂಡ.

ಮಂಜು ಕವಿದು ಹತ್ತು ಮಾರಿನಾಚೆ ಏನೂ ಕಾಣದಾಯಿತು. ಸೂಜಿ ಬಲಕ್ಕೆ ತೋರಿಸುತ್ತಿತ್ತು, ನಾಯಿ ಎಡಕ್ಕೆ ಇಳಿಯಿತು. ಇಳಿದದ್ದು ಮತ್ತೆ ಏರಿ ಬಂದು ಬೊಗಳಿತು. ಯಂಕಣ್ಣ ಬಲಕ್ಕೇ ನಡೆದ. ಅದು ಬೆನ್ನಟ್ಟಿ ಬಂದು ಪ್ಯಾಂಟಿನ ಅಂಚು ಕಚ್ಚಿ ಎಳೆಯತೊಡಗಿತು. ಯಜಮಾನನನ್ನು ಬಿಟ್ಟಿರಲಾರದೆ ಹೀಗೆ ಮಾಡುತ್ತಿದೆ, ಇದರ ಕಾಟದಲ್ಲಿ ಅಲ್ಲಿ ಮುದುಕ ಸತ್ತಾನು ಅನ್ನಿಸಿತು. ಬಗ್ಗಿ ಬಲಗೈಗೆ ಕಲ್ಲು ತೆಗೆದುಕೊಂಡ. "ಹೋಗ! ನಿಮ್ಮ ಮುದುಕನ ಕಡೆ ಹೋಗ!" ಹೆದರಿಸಲೆಂದು ಬೀಸಿದ್ದು. ಹಿಂಗಾಲಿಗೇ ಬಡಿಯಿತು. ನಾಯಿ ಕುಂಯ್ ಎಂದು ದೂರ ಸರಿಯಿತು; ಆದರೆ ಹೋಗಲಿಲ್ಲ. ಕುಂಟುತ್ತ, ಅಂತರ ಬಿಟ್ಟು, ಹಿಂದೆಯೇ ಬಂತು.

ಅರ್ಧ ತಾಸು ನಡೆದ ಮೇಲೆ ನೆಲವೇ ಮುಗಿಯಿತು. ಮುಂದೆ ಆಳದ ಕೊಳ್ಳ, ಅದರ ತುಂಬ ಕೆಂಪು ನೀರು. ಹಟ್ಟಿ ಇರಲಿ, ಕುರಿಯ ಹೆಜ್ಜೆ ಕೂಡ ಇರಲಿಲ್ಲ. ದಿಕ್ಸೂಚಿಯನ್ನು ಬೆರಳಿನಿಂದ ತಟ್ಟಿದ, ಸುತ್ತ ತಿರುಗಿಸಿದ. ಗಳಿಗೆ ಮಟ್ಟಿಗೆ ಬಿಸಿಲು ಬಿದ್ದಾಗ ತನ್ನ ನೆರಳಿಗೂ ಸೂಜಿಗೂ ತಾಳೆ ನೋಡಿದ. ಸೂಜಿ ಸರಿಯಾಗಿಯೇ ಇತ್ತು. ಮುದುಕ ತನ್ನ ಜೀವಕ್ಕೆ ಬಂದ ಹೊತ್ತಿನಲ್ಲಿ ಸುಳ್ಳು ಹೇಳುವವನಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಎರಡೂ ಸರಿಯಿದ್ದು ಉತ್ತರ ತಪ್ಪುವ ಲೆಕ್ಕವನ್ನು ಅವನು ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಮಂಜಿನೊಳಗಿಂದ ಹೆಣ್ಣುಮಗಳ ದನಿ. "ಉತ್ತರೀ... ಏ ಉತ್ತರೀ..."

"ಉತ್ತರಕ್ಕೇ ಬಂದೇನ್ರಿ!" ಎಂದು ಯಂಕಣ್ಣ ಗಂಟಲು ಹರಿಯುವಂತೆ ಕೂಗಿದ.

ಕಂದು ನಾಯಿ ದನಿಯ ಕಡೆ ಕುಂಟುತ್ತ ಓಡಿತು. ಅದರ ಜೊತೆ ತಿರುಗಿ ಬಂದವಳು ರೊಟ್ಟಿಗಂಟು ಹೊತ್ತ ನಡುವಯಸ್ಸಿನ ಹೆಂಗಸು. "ಯಾರ್ರಿ ನೀವು? ಬುತ್ತಿ ಒಯ್ಯಾಕ ಹೊಂಟಿದ್ದೆ, ಇದರ ದನಿ ಕೇಳಿ ಈ ಕಡೆ ಬಂದೆ. ನಮ್ಮ ನಾಯಿ ಯಾಕ ಕುಂಟಾಕತ್ತೈತಿ?"

"ಮುತ್ತವ್ವ ನೀವೇನ್ರಿ? ನಿಮ್ಮ ಹನುಮಪ್ಪ ಬಿದ್ದಾರ್ರಿ, ಕಾಲು ಮುರದೈತಿ. ಉತ್ತರಕ್ಕ ಹೋದ್ರ ಹಟ್ಟಿ ಸಿಗತೈತಿ ಅಂದ್ರು..."

ಮುತ್ತವ್ವ ಗಂಟನ್ನು ದೊಪ್ಪನೆ ನೆಲಕ್ಕಿಟ್ಟಳು. "ಉತ್ತರಕ್ಕ ಈ ಕೊಳ್ಳ ಬಿಟ್ರ ಏನೈತ್ರಿ, ನಿಮ್ಮ ಮಣ್ಣು? ಹಟ್ಟಿ ಇರೂದು ಗುಡ್ಡದ ಆ ಕಡೆ ಕೆಳಗ, ಇಲ್ಲಿಂದ ಭಾಳ ದೂರ. ಉತ್ತರಿ ಅಂದ್ರ ಈಕಿ! ಉತ್ತರಿ ಮಳ್ಯಾಗ ಹುಟ್ಟಿದಾಕಿ. ಆ ಬಿಳೇದು ಹುಬ್ಬಿ ಮಳ್ಯಾಗ ಹುಟ್ಟಿದ್ದು, ಅದು ಹುಬ್ಬಿ. ಕಲತವರಿಗೆ ಮಳಿ ಹೆಸರೂ ಗೊತ್ತಿಲ್ಲೇನು?"

ಗೊತ್ತಿತ್ತು. ಉಪ್ಪಿನಬೆಟಗೇರಿಯ ಸಾಲಿಗೆ ಹೆಸರು ಹಚ್ಚಲು ಕರೆದೊಯ್ದ ದಿನ ಅವನ ತಾಯಿ ಗುಡ್ಡವ್ವ ಮಾಸ್ತರರ ಮುಂದೆ ಇದನ್ನೇ ಹೇಳಿದ್ದಳು: "ನನ್ನ ಮಗಾ ಉತ್ತರಿ ಮಳ್ಯಾಗ ಹುಟ್ಯಾನ್ರಿ." ಮಾಸ್ತರರು ನಕ್ಕು ಹುಟ್ಟಿದ ತಾರೀಖು ಜೂನ್ ಒಂದು ಎಂದು ಬರೆದುಕೊಂಡಿದ್ದರು. ಅಂದಿನಿಂದ ಎಲ್ಲ ಅರ್ಜಿಯಲ್ಲೂ ಅವನೂ ಅದನ್ನೇ ಬರೆಯುತ್ತ ಬಂದಿದ್ದ.

"ಇನ್ನ ಹಟ್ಟಿಗೆ ಹೋಗಿ ಮಂದಿ ಕೂಡಸಾಕ ಹೊತ್ತಿಲ್ಲ," ಎಂದಳು ಮುತ್ತವ್ವ. "ಕಂಬಳ್ಯಾಗ ಹಾಕ್ಕೊಂಡು ನಾವಿಬ್ರ ಹೊರೂಣು. ಎಲ್ಲಿ ಬಿದ್ದಾನ, ತೋರಸ್ರಿ."

ಯಂಕಣ್ಣನ ಕೈ ದಿಕ್ಸೂಚಿಯ ಕಡೆ ಹೋಗಿ ನಿಂತಿತು. ಬಂದ ದಾರಿಯೆಲ್ಲ ಮಂಜು. ಬಹಳ ದೂರದಿಂದ, ಸಣ್ಣಗೆ, ಎರಡು ಸಿಳ್ಳು ಕೇಳಿಸಿದವು. ಉತ್ತರಿ ಕಿವಿ ನಿಮಿರಿಸಿ ಹೊರಟಿತು. ಇಬ್ಬರೂ ಅದರ ಹಿಂದೆ ಬಿದ್ದರು. ಮಳೆ ಮತ್ತೆ ಹಿಡಿಯಿತು.

ಹತ್ತು ಹೆಜ್ಜೆಗೊಮ್ಮೆ ಅದು ನಿಂತು ಹಿಂದಿರುಗಿ ನೋಡುತ್ತಿತ್ತು, ಅವರು ಬರುತ್ತಿದ್ದಾರೋ ಇಲ್ಲವೋ ಎಂದು. ಮುತ್ತವ್ವನ ಮುಖ ನೋಡುತ್ತಿತ್ತು. ಯಂಕಣ್ಣನ ಮುಖವನ್ನಲ್ಲ, ಬಲಗೈಯನ್ನು. ಅವನು ಅಂಗೈ ಬಿಚ್ಚಿ ತೋರಿಸಿದ. ಅದು ಮುಂದಿನ ಸಲ ನಿಂತಾಗಲೂ ಮೊದಲು ಆ ಕೈಯನ್ನೇ ನೋಡಿತು.